ನೀವು ತೋರಿಸಿದವರಿಗೆ

ಛಾಪಾ ಕಾಗದದ ಎರಡನೇ ಪುಟ,
ಮೇಲಿನಿಂದ ಏಳನೇ ಸಾಲು, ನಾನೇ ಹೇಳಿ ಬರೆಸಿದ್ದು:
'ತೊಂಬತ್ತು ದಿನದೊಳಗೆ ಬಾಕಿ ಹಣ ಪಡೆದು
ನಿಮಗೆ, ಅಥವಾ ನೀವು ತೋರಿಸಿದವರಿಗೆ
ಕ್ರಯಪತ್ರ ಮಾಡಿಕೊಡುತ್ತೇನೆ.'
ನನ್ನ ಅನ್ನ ಬೇಯುವುದು
ಆ 'ಅಥವಾ'ದ ಒಲೆಯ ಮೇಲೆ.

ಪೆನ್ಷನ್ ಮೊಹಲ್ಲಾದಲ್ಲಿ ಸುಗುಣಾಬಾಯಿ ಸಿಸ್ಟರ್ ಮನೆ.
ಮೂವತ್ತು ನಲವತ್ತು, ಹೆಂಚು, ಆರು ಮೆಟ್ಟಿಲು.
ದೊಡ್ಡಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಸೂಜಿ ಚುಚ್ಚಿದ ಕೈ
ಟೋಕನ್ನಿನ ನೋಟು ಎಣಿಸುವಾಗ ನಡುಗಲಿಲ್ಲ.
"ಮಂಡಿ ಹೋಗಿದೆ ಕಣಮ್ಮ.
ವಿದ್ಯಾನಗರದಲ್ಲಿ ನೆಲಮಟ್ಟದ ಮನೆ ನೋಡಿದೀನಿ,
ಕಮೋಡಿದೆ" ಅಂದರು,
ಮದುವೆ ಗೊತ್ತಾದವರ ಹಾಗೆ ನಕ್ಕು.

ಚೆಕ್ಕುಬಂದಿ ಓದಿದೆ.
ಪೂರ್ವಕ್ಕೆ ನಗರಸಭೆ ರಸ್ತೆ,
ಪಶ್ಚಿಮಕ್ಕೆ ಮರಿಯಪ್ಪ ಮೇಸ್ತ್ರಿಯ ಗೋಡೆ,
ದಕ್ಷಿಣಕ್ಕೆ ಓಣಿ,
ಉತ್ತರಕ್ಕೆ ಹಯಾತ್ ಸಾಹೇಬರ ಮಗ ವಾಜಿದ್‌ರ ಸ್ವತ್ತು,
ಮತ್ತು ಬಾವಿಯಲ್ಲಿ ಅರ್ಧ ಹಕ್ಕು.
ಯಾವ ಅರ್ಧ ಅಂತ ಪತ್ರದಲ್ಲಿಲ್ಲ.
ಮೇಲಿನದೋ, ತಳದ್ದೋ.

ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಆಲೂಗಡ್ಡೆ ದಲಾಲಿ.
ಜಲಂಧರದ ಲಾರಿ ಟಾರ್ಪಾಲು ಬಿಚ್ಚುವ ಮೊದಲೇ
ಟವಲಿನಡಿ ಬೆರಳು ಮುಟ್ಟಿಸಿ ಕೊಂಡು,
ಹಮಾಲರು ಬೀಡಿ ಮುಗಿಸುವುದರೊಳಗೆ ಮಾರಿಬಿಡುತ್ತಿದ್ದ.
ಬಿತ್ತನೆಯ ಎಷ್ಟು ಸಾವಿರ ಮೂಟೆ ಅವನ ಬಾಯಲ್ಲೇ ಬಂದು
ಅವನ ಬಾಯಲ್ಲೇ ಹೋದವೋ.
ನಮ್ಮ ಪಲ್ಯಕ್ಕೆ ಮಾತ್ರ ಅಮ್ಮ
ಶೆಟ್ಟರ ಅಂಗಡಿಯಿಂದ ಕಾಲು ಕೆಜಿ ತರುತ್ತಿದ್ದಳು.

ಅದೇ ಬೆರಳು ನನ್ನವು. ಟವಲಿನ ಬದಲು ಫೋನು.
ತಾಲ್ಲೂಕು ಕಚೇರಿ ಎದುರಿನ ಟೀ ಅಂಗಡಿಯಲ್ಲಿ
ನಾನು 'ಅಗ್ರಿಮೆಂಟ್ ಇಂದ್ರಾಣಿ'.
ಇರುವುದು ತಣ್ಣೀರುಹಳ್ಳದಲ್ಲಿ,
ಭೋಗ್ಯದ ಎರಡು ಕೋಣೆ.

ಆಲೂರಿನವನು ವಾಸ್ತು ಕೇಳಿದ.
ಸಾಲಗಾಮೆ ರಸ್ತೆಯ ದಂಪತಿ ಬೆಲೆ ಕೇಳದೆ
ಮಾಡು ನೋಡಿಕೊಂಡೇ ಹೊರಟುಹೋದರು.
ಅರವತ್ತೆರಡನೇ ರಾತ್ರಿ ಎದ್ದು ಕೂತು ಲೆಕ್ಕ ಹಾಕಿದೆ:
ಟೋಕನ್ನಿನ ಎರಡು ಲಕ್ಷದಲ್ಲಿ ಒಂದೂವರೆ ಚೀಟಿ ಎತ್ತಿದ್ದು,
ಉಳಿದದ್ದು ಬಳೆ.
ಕತ್ತಲಲ್ಲಿ ಕೈ ಆಡಿಸಿದರೆ ಸದ್ದೇ ಇಲ್ಲ.

ಎಪ್ಪತ್ತೊಂಬತ್ತಕ್ಕೆ ಬಂದವನು ಟೈಲ್ಸ್ ಅಂಗಡಿಯ ನಂಜೇಶ.
ಗೋಡೆಗೆ ಗೆಣ್ಣಿನಿಂದ ತಟ್ಟಿದ, ಬಾವಿಗೆ ಇಣುಕಿದ.
"ಇದನ್ನ ಮುಚ್ಚಿದ್ರೆ ಕಾರು ನಿಲ್ಲಿಸಬಹುದು."
"ಅರ್ಧ" ಅಂದೆ.
"ಅರ್ಧ ಕಾರಾ?"
ಆದರೂ ತಗೊಂಡ.

ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಬೇಡ,
ಇದು ಈ ಕಸುಬಿನ ಮೊದಲ ಪಾಠ.
ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದ್ದದ್ದು ಒಂದೇ ಬೆಂಚು.
ನಂಜೇಶ ಜೆರಾಕ್ಸಿಗೆ ಎದ್ದು ಹೋದಾಗ
ಸಿಸ್ಟರ್ ಕನ್ನಡಕ ತೆಗೆದು ಕೇಳಿದರು:
"ನಿಂಗೆಷ್ಟು ಉಳೀತು?"

ಬಾಯಲ್ಲಿ ಸುಳ್ಳು ತಯಾರಿತ್ತು, ಬಿಸಿಬಿಸಿ.
"ಐದು" ಅಂದೆ.
"ಸಾವಿರವಾ?"
"ಲಕ್ಷ."

ಫ್ಯಾನು ತಿರುಗಿತು.
ಅವರ ತುಟಿ ಅಲ್ಲಾಡುತ್ತಿತ್ತು,
ಎಷ್ಟು ನೈಟ್ ಡ್ಯೂಟಿಗೆ ಐದು ಲಕ್ಷ ಅಂತಿರಬೇಕು.
"ಅವನನ್ನ ನಾನೇ ಹುಡುಕಿದ್ರೆ?"
"ಹುಡುಕಬಹುದಿತ್ತು."
"ನನಗ್ಯಾರು ಗೊತ್ತು" ಅಂದರು, ನನಗಲ್ಲ, ಗೋಡೆಗೆ.
ಆಮೇಲೆ ಇಂಜೆಕ್ಷನ್ ಚೀಟಿ ಓದುವ ದನಿಯಲ್ಲಿ:
"ಸಾಮಾನು ಸಾಗಿಸೋ ಲಾರಿ ಬಾಡಿಗೆ ನಿಂದು.
ಹಮಾಲಿದೂ."
"ಆಯ್ತು ಸಿಸ್ಟರ್."
"ಗ್ಯಾಸು ವರ್ಗ ಮಾಡ್ಸೋದೂ."

ಹೆಬ್ಬೆಟ್ಟು ಕೇಳಿದ ಯಂತ್ರ ಅವರ ಬೆರಳು ಒಪ್ಪಲಿಲ್ಲ.
ಡೆಟಾಲು ತಿಂದ ಗೆರೆ.
ಒರೆಸಿ, ಊದಿ, ನನ್ನ ಸೆರಗಿಗೆ ಉಜ್ಜಿ
ಐದನೇ ಸಲಕ್ಕೆ ಹಸಿರು ದೀಪ.
ನಾನು ಕೊನೆಯ ಪುಟದ ಬುಡದಲ್ಲಿ
'ಒಪ್ಪಿಗೆ ಸಾಕ್ಷಿ' ಅಂತ ರುಜು ಹಾಕಿದೆ.

ಲಾರಿ ಹೊರಟ ಮೇಲೆ ಕೀಲಿ ಕೊಡಲು ನಿಂತಿದ್ದೆ.
ಹಿತ್ತಲಲ್ಲಿ ರಾಟೆಯ ಸದ್ದು.
ವಾಜಿದ್‌ರ ಸೊಸೆ ಹಗ್ಗ ಎಳೆಯುತ್ತಾ ಕೇಳಿದಳು,
"ಮನೆ ತಗೊಂಡೋರು ನೀವಾ?"
"ಅಲ್ಲ, ನಾನು ತೋರಿಸಿದವರು."
"ಬಾವಿ ಮುಚ್ತಾರಂತಲ್ಲ?"
"ಅರ್ಧ ನಿಮ್ಮದು" ಅಂದೆ.

ಅವಳು ಬಗ್ಗಿ ನೀರು ನೋಡಿದಳು.
ನಾನೂ ನೋಡಿದೆ.
ಕೊಡ ಎದ್ದ ಜಾಗ
ಇನ್ನೂ ಅಲುಗುತ್ತಿತ್ತು, ಈ ಅಂಚಿನಿಂದ ಆ ಅಂಚಿಗೆ.