ಎಂಟು, ಒಂಬತ್ತು

ಆಡುವವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.
ಬ್ಯಾಂಡಿನಲ್ಲೂ ಇರಲಿಲ್ಲ: ಮುಂದಿನ ಹಲ್ಲೆರಡು
ಪಕ್ಕದ ಮನೆಯ ಹಂದಿ ಅಟ್ಟಿಸಿಕೊಂಡು ಬಂದ ದಿನವೇ ಹೋಗಿದ್ದವು,
ತುತ್ತೂರಿಗೆ ತುಟಿ ಕೂರುತ್ತಿರಲಿಲ್ಲ.
ಹಾಗಾಗಿ ಕಾಲೇಜು ನನಗೆ ಕೊಟ್ಟದ್ದು
ಒಂದು ಏಣಿ, ಒಂದು ಹಲಗೆ, ನಾಲ್ಕು ಮೊಳೆ,
ಬಿಸ್ಕತ್ತಿನ ಡಬ್ಬಿ ಕತ್ತರಿಸಿ ಬಣ್ಣ ಬಳಿದ
ತಗಡಿನ ಅಂಕಿಗಳು.

ನಮ್ಮ ವಾವಾಊ ದ್ವೀಪದಲ್ಲಿ ಅಂಕಿ ಅಂದರೆ ಬರೀ ಲೆಕ್ಕವಲ್ಲ.
ನಿಮಗೆ ಷಡ್ಜ ಹೇಗೋ ನಮಗೆ ಮೂರು ಹಾಗೆ.
ಮೂರರಿಂದ ಒಂಬತ್ತು, ಏಳು ಸ್ವರ:
ತೋ, ಫಾ, ನಿ, ಓ, ತು, ವಾ, ಹಿ.
ಒಂದು, ಎರಡು ಯಾಕಿಲ್ಲ ಎಂದು ಕೇಳಿದರೆ
ಇಗರ್ಜಿಯ ಕರಿಹಲಗೆಗೆ ಸೀಮೆಸುಣ್ಣದಲ್ಲಿ
ಭಾನುವಾರದ ಕೀರ್ತನೆ ಇಳಿಸುತ್ತಿದ್ದ ಅಜ್ಜಿ ಫೂಸಿ
ತಿರುಗಿಯೂ ನೋಡದೆ ಅನ್ನುತ್ತಿದ್ದಳು:
"ಅವನ್ನು ದೇವರು ತನಗಿಟ್ಟುಕೊಂಡಿದ್ದಾನೆ."
ಅವಳಿಗೂ ಗೊತ್ತಿರಲಿಲ್ಲ.

ಆ ಶನಿವಾರ ಫೈನಲ್ಲು, ಕೊನೆಯ ನಿಮಿಷ.
ಎಡಕ್ಕೆ ನಾವು, ಎಂಟು.
ಬಲಕ್ಕೆ ಅವರು, ಒಂಬತ್ತು.
ಏಣಿಯ ಮೇಲಿಂದ ಸುಮ್ಮನೆ ಓದಿದೆ,
ಓದಿದ್ದು ಬಾಯಲ್ಲಿ ಹಾಡಾಗಿಬಿಟ್ಟಿತು:
ವಾ, ಹಿ...
ಧೈವತ, ನಿಷಾದ. ಆಮೇಲೆ?
ಹೊಸ್ತಿಲವರೆಗೂ ಬಂದ ನೆಂಟ
ಚಪ್ಪಲಿ ಬಿಡಲೋ ಬೇಡವೋ ಎಂದು ನಿಂತ ಹಾಗೆ
ನಿಂತಿತ್ತು ಹಲಗೆ.
ಒಂಬತ್ತಕ್ಕೂ ಹಾಡಿಗೂ ನಮ್ಮಲ್ಲಿ ಒಂದೇ ಮಾತು, ಹಿವಾ.
ಅದೂ ಅವರ ಪಾಲಾಗಿತ್ತು.

ಆಗ ಸೀಟಿ. ಪೆನಾಲ್ಟಿ ನಮಗೆ.
ಗುರಿ ದಾಟಿದರೆ ಎಷ್ಟು?
ಮೂರು.
ಕೇಳಿಸಿತಾ, ಮೂರು!

ಬೀಜಗಣಿತದಲ್ಲಿ ಎರಡು ಸಲ ಫೇಲಾದ ಸಾಟೇಕಿ
ಮರಳು ಗುಪ್ಪೆ ಮಾಡಿ ಚೆಂಡು ನಿಲ್ಲಿಸಿದ,
ಗಾಳಿಯನ್ನು ಕಣ್ಣಲ್ಲೇ ಅಳೆದ.
ಕೆಲೇಪಿ ಮೇಷ್ಟ್ರು ಕೈಯೆತ್ತಿ
ಅಷ್ಟೂ ಹಿತ್ತಾಳೆಗಳ ಬಾಯಿ ಮುಚ್ಚಿಸಿದರು.
ಪಾದ್ರಿ ಕೊಡೆ ಮಡಚಿದರು.
ಎದುರು ಕಾಲೇಜಿನ ಹುಡುಗಿಯರು ನಮ್ಮನ್ನು ಬೈಯುವುದನ್ನು
ಅರ್ಧ ಬೈಗುಳಕ್ಕೇ ಬಿಟ್ಟರು.
ನಾನು ಎರಡು ಕೈಯಲ್ಲಿ ಎರಡು ತಗಡು ಹಿಡಿದಿದ್ದೆ.
ಎಂಟಕ್ಕೆ ಮೂರು ಸೇರಿದರೆ ಹನ್ನೊಂದಲ್ಲವೆ,
ಈ ಕೈಗೊಂದು ಒಂದು, ಆ ಕೈಗೊಂದು ಒಂದು.
ಹೊಳೆದದ್ದು ಆಗಲೇ:
ಗೆದ್ದರೆ ನಾನು ನೇತುಹಾಕುವ ಅಂಕಿ
ಊರಲ್ಲಿ ಯಾರ ಗಂಟಲಿಗೂ ಹಾಡಲು ಬಾರದು.

ಚೆಂಡು ಏರಿತು.

ಎಷ್ಟು ಹೊತ್ತು ಎಂದು ಕೇಳಬೇಡಿ.
ನನ್ನ ಮದುವೆ ಅದಕ್ಕಿಂತ ಬೇಗ ಮುಗಿಯಿತು.
ಬಂದರಿನಲ್ಲಿ ಒಂದು ದೋಣಿ
ಹಗ್ಗ ಎಳೆದುಕೊಂಡದ್ದು ಕೇಳುತ್ತಿತ್ತು.

ಟಣ್ ಎಂದಿತು ಎಡಗಂಬ,
ಮುರುಕು ಹಡಗಿನಿಂದ ತಂದು ನೆಟ್ಟ ಪೊಳ್ಳು ಕೊಳವೆ.
ಚೆಂಡು ವಾಪಸ್ಸು ಬಿತ್ತು, ಅವರಲ್ಲೊಬ್ಬ
ಅದನ್ನು ಬೇಲಿಯಾಚೆ ಒದ್ದ. ಸೀಟಿ. ಸೋತೆವು.
ಅವರ ಕೂಗಿನ ಅಡಿಯಲ್ಲಿ
ಕಂಬ ಇನ್ನೂ ನುಡಿಯುತ್ತಲೇ ಇತ್ತು.
ಕೆಲೇಪಿ ಮೇಷ್ಟ್ರು ತಲೆ ಓರೆ ಮಾಡಿ ನಿಂತಿದ್ದರು.
ಸಾಟೇಕಿ ಹುಲ್ಲಿನ ಮೇಲೆ ಮಕಾಡೆ ಬಿದ್ದಿದ್ದ,
ಅವನಿಗೆ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಮರುದಿನ ಭಾನುವಾರ. ಚೆಂಡು ಮುಟ್ಟುವಂತಿಲ್ಲ,
ಬಟ್ಟೆ ಒಗೆಯುವಂತಿಲ್ಲ, ಅಳುವುದಿದ್ದರೆ ಇಗರ್ಜಿಯಲ್ಲಿ.
ಸೊಂಟಕ್ಕೆ ಚಾಪೆ ಸುತ್ತಿಕೊಂಡು
ಸೋತವರೆಲ್ಲ ಕೊನೆಯ ಬೆಂಚಿಗೆ.
ಶ್ರುತಿ ಕೊಡುವುದು ಫೂಸಿಯ ಹಕ್ಕು, ನಲವತ್ತು ವರ್ಷದ್ದು.
ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ
ಹಿಂದಿನಿಂದ, ತೀರ ಮೆಲ್ಲಗೆ, ಯಾರೋ
ತೋ... ಎಂದರು.
ಕೀರ್ತನೆಗೆ ಎಂದೂ ಬಾಯಿ ತೆರೆಯದ ಸಾಟೇಕಿ.
ಫೂಸಿ ಎಳೆದ ಉಸಿರನ್ನು ಹಾಗೇ ಬಿಟ್ಟಳು.
ಇಡೀ ಇಗರ್ಜಿ, ಗೆದ್ದ ಕಾಲೇಜಿನ ಅಪ್ಪಂದಿರೂ ಸೇರಿ,
ಆ ಒಂದು ಸ್ವರದ ಮೇಲೆ ಹತ್ತಿ ನಿಂತಿತು.
ಅದು ಮುರಿಯಲಿಲ್ಲ.

ಕಂಬ ಒಂದು ಕೂದಲು ತಗ್ಗಿತ್ತು ಎಂದು
ಕೆಲೇಪಿ ಮೇಷ್ಟ್ರದು ಇವತ್ತಿಗೂ ತಕರಾರು.
ಕಾವಾ ಕುಡಿಯಲು ಕೂತಾಗಲೆಲ್ಲ ಶುರು ಮಾಡುತ್ತಾರೆ.

ಆ ಎರಡು ಒಂದುಗಳು ನನ್ನಲ್ಲೇ ಉಳಿದವು,
ಕೋಳಿಗೂಡಿನ ಮಾಡಿನ ತೂತಿಗೆ ಹೊಡೆದಿದ್ದೇನೆ.
ಮಳೆ ಬಂದರೆ ಏನೋ ನುಡಿಯುತ್ತವೆ.
ಕೋಳಿಗಳು ಕತ್ತು ಎತ್ತಿ ಕೇಳುತ್ತವೆ.
ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ.