ಬೀಜಕ್ಕ ಬಿಟ್ಟ ಕಾಯಿ

ಒಡಕ ಬಕೀಟಿನ್ಯಾಗ ಹಚ್ಚಿದ ಹೀರಿಬಳ್ಳಿ
ಬೆಟಗೇರಿ ಓಣಿಯ ಹಂಚಿನ ಮ್ಯಾಲ ಹತ್ತಿ ಕುಂತಿತ್ತು.
ಎಲ್ಲಾ ಹರಕೊಂಡ ಮ್ಯಾಲೂ
ಒಂದ ಕಾಯಿ ಮುಟ್ಟಗೊಡಲಿಲ್ಲ ಅಂಬೂಬಾಯಿ.
"ಬೀಜದ್ದದು, ಇರ್ಲಿ."
ದಡಿಗೆ ಹಾಸಿ ಉಳಿದ ಕೆಂಪು ನೂಲು
ತೊಟ್ಟಿಗೆ ಸುತ್ತಿ ಗುರುತು ಮಾಡಿದ್ಲು.

ಕಾಯಿ ಬಲೀತು, ಹಳದಿ ಆತು,
ಒಣಗಿ ಹಗುರಾತು. ಗಾಳಿ ಬಿಟ್ರ ಗಲಗಲ.

ಶಿವರಾತ್ರಿಗೆ ಆಕಿ ಇರಲಿಲ್ಲ.

ಸೂತಕ ಕಳದ ಮುಂಜಾನೆ ಕಾಯಿ ಮುರದೆ.
ಕರೀ ಬೀಜ ಮೂವತ್ತೊಂಬತ್ತು.
ಎಣಿಸೋದು ಅತ್ತಿ ಚಟ, ನನಗೂ ಹತ್ತೇತಿ.
ಒಳಗಿನ ಜಾಲಿಲೆ ಕೂಸಿನ ಬೆನ್ನ ತಿಕ್ಕಿದ್ರ
"ಚುಚ್ಚತೈತಿ" ಅಂತ ಅತ್ತು,
ಬಿಸಿನೀರ ಬಿದ್ದಕೂಡ್ಲೆ ನಕ್ಕಿತು.

ಬೀಜಕ್ಕ ಬೂದಿ ಸವರಿ ಇಟ್ಟೀನಿ,
ರೋಹಿಣಿ ಮಳಿ ಬರೂತನಕ.
ನೂಲು ಒಗೀಲಿಲ್ಲ.
ಮುಂದಿನ ಕಾಯಿಗೆ ಬೇಕಾಗತೈತಿ.