ಇಳಿಸುವ ಕಸುಬು

ಗುದೇಬಿಯಾದ ಓಣಿಯಲ್ಲಿ, ಶುಕ್ರವಾರ ಬೆಳಿಗ್ಗೆ,
ಶಟರು ಅರ್ಧ ಎತ್ತಿದರೆ
ಮೊದಲು ಕಾಣುವುದು ಕಾಲುಗಳು.
ಚಪ್ಪಲಿ ನೋಡಿಯೇ ಹೇಳಬಲ್ಲೆ
ರಾತ್ರಿ ಯಾರಿಗೆ ಎಷ್ಟಾಗಿದೆ ಎಂದು.
ಎಡದ್ದು ಬಲಕ್ಕೆ ಹಾಕಿದವನಿಗೆ ಎರಡು ಗ್ಲಾಸು.

ಬೋರ್ಡಿನಲ್ಲಿ ಇದರ ಹೆಸರಿಲ್ಲ.
"ದೂಮಣ್ಣ, ಅದು" ಅನ್ನುತ್ತಾರೆ, ಅಷ್ಟೆ.
ನೆನೆಸಿದ ಪುನರ್ಪುಳಿ ಸಿಪ್ಪೆ, ಜಜ್ಜಿದ ಶುಂಠಿ,
ಒಮಾನಿನ ಒಣ ಕರಿಲಿಂಬೆ ಒಂದು
(ಬೀಜ ಉಳಿದರೆ ಕಹಿ, ಬೈಗುಳ ನನಗೆ),
ನಾಲ್ಕು ಖರ್ಜೂರ, ಕಲ್ಲುಪ್ಪು,
ದಾಳಿಂಬೆ ಅಗ್ಗವಿದ್ದರೆ ದಾಳಿಂಬೆ.
ಬಣ್ಣ ಮಾತ್ರ ಥೇಟ್ ವೈನಿನದು.
ನೋಡಿದ್ದೇ ಕೆಲವರು ಹೊರಗೋಡುತ್ತಾರೆ.

ಪಾಂಗಾಳದಲ್ಲಿ ನನ್ನಪ್ಪ
ದಿನಕ್ಕೆ ಹದಿನಾಲ್ಕು ತೆಂಗು ಹತ್ತಿ
ಕಳ್ಳು ಇಳಿಸುತ್ತಿದ್ದ.
ನಾನಿಲ್ಲಿ ಅಮಲು ಇಳಿಸುತ್ತೇನೆ,
ಗ್ಲಾಸಿಗೆ ಆರುನೂರು ಫಿಲ್ಸ್.
ಕಸುಬು ಬಿಟ್ಟೆಯಾ ಎಂದು ಊರಲ್ಲಿ ಕೇಳಿದರೆ
ಏನು ಹೇಳಲಿ?

ಡೊಲ್ಫಿ ಕ್ರಾಸ್ತಾ, ಕ್ರೇನಿನವನು,
ಕುಡಿತ ಬಿಟ್ಟು ಎರಡು ವರ್ಷ.
ಆದರೂ ಬರುತ್ತಾನೆ. ಮೂಲೆಯಲ್ಲಿ ಕೂತು
ತಲೆ ಹಿಡಿದುಕೊಂಡವರನ್ನು ನೋಡುತ್ತಾನೆ,
ಓದಿದ ಶಾಲೆ ನೋಡಲು ಬಂದವನ ಹಾಗೆ.

ಮೊನ್ನೆ ಕಾಲೇಜಿನ ಹುಡುಗಿ ಬುತೈನಾ
ಪುಟ್ಟ ಸೀಸೆಯಲ್ಲಿ ಒಂದಿಷ್ಟು ಒಯ್ದಿದ್ದಳು.
ವಾರ ಬಿಟ್ಟು ಬಂದು, ಮುರುಕು ಹಿಂದಿಯಲ್ಲಿ:
"ಆಂಟಿಆಕ್ಸಿಡೆಂಟ್ ತುಂಬಾ ಇದೆ, ಅಂಕಲ್.
ತಲೆನೋವು ಇಳಿಸುತ್ತದೋ, ಗೊತ್ತಿಲ್ಲ.
ಸೀಸೆ ಬೇರೆ, ಹೊಟ್ಟೆ ಬೇರೆ."
ಹಾಗೆಂದರೇನಮ್ಮ ಅಂದೆ.
ಅವಳು ಶಟರಿನ ಬೀಗ ತೋರಿಸಿದಳು.
ತುಕ್ಕು. ಒಳಗೂ ಹಿಡಿಯುತ್ತದಂತೆ.
ಇದು ತಡೆಯಬಹುದಂತೆ.

ಈ ಊರಿನ ಉಪ್ಪುಗಾಳಿಗೆ
ಏಸಿಯ ಕಾಲು, ಸೈಕಲ್ ಚೈನು,
ಮಂಚದಡಿಯ ಟ್ರಂಕಿನ ಹಿಡಿ,
ಯಾವುದು ಉಳಿದಿದೆ?
ಬಂದು ಇಪ್ಪತ್ತೆರಡು ವರ್ಷ.
ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿದೆ ಆ ರಾತ್ರಿ,
ನಗಬೇಡಿ.

ಹಿಂಡಿ ಉಳಿದ ಸಿಪ್ಪೆ ಎಸೆಯದೆ
ಬೀಗಕ್ಕೆ ತಿಕ್ಕುತ್ತ ಕೂತೆ.
ಕಂದು ಕರಗಿ ಬೆರಳಿಗೆ ಬಂತು.
ಕೊನೆಗೆ ಕಂಪನಿಯ ಹೆಸರು ಕಂಡಿತು, ಅಲಿಗಢದ್ದು.
ಅದೂ ನನ್ನ ಹಾಗೆ ಕಡಲು ದಾಟಿ ಬಂದದ್ದು.

ಪಾತ್ರೆಯ ತಳದಲ್ಲಿ ಒಂದು ಗ್ಲಾಸು ಉಳಿದಿತ್ತು.
ರುಚಿ ನೋಡಿದ್ದುಂಟು ಚಮಚದಲ್ಲಿ,
ಪೂರ್ತಿ ಕುಡಿದದ್ದು ಇದೇ ಮೊದಲು.
ಉಪ್ಪು ಸ್ವಲ್ಪ ಜಾಸ್ತಿ.
ಇಷ್ಟು ವರ್ಷ
ಒಬ್ಬನೂ ಹೇಳಿರಲಿಲ್ಲ.